ಗ್ರಂಥಾಲಯ ಶಿಲ್ಪಿ ರಂಗನಾಥನ್

ಒಳ್ಳೆಯ ಪುಸ್ತಕವೊಂದನ್ನು ಓದಿ ಮುಗಿಸಿದವನ ಮನಸ್ಸಿನಲ್ಲಿ ಸಹಜವಾಗಿ ಒಂದು ಆಸೆ ಮೂಡುತ್ತದೆ. ಇಂಥದೇ ಇನ್ನೊಂದು ಪುಸ್ತಕ ದೊರೆತರೆ ಎಷ್ಟು ಚೆನ್ನ ಎಂಬುದೇ ಆ ಆಸೆ. ನಕ್ಷತ್ರಗಳನ್ನು ಕುರಿತು ಓದಿದ ಬಾಲಕನಿಗೆ ಗ್ರಹಗಳನ್ನು ಕುರಿತು ತಿಳಿಯಬೇಕೆನಿಸುತ್ತದೆ. ಬತ್ತದ ಬೇಸಾಯವನ್ನು ಕುರಿತು ಓದಿದ ರೈತನಿಗೆ ಬತ್ತಕ್ಕೆ ತಗಲುವ ರೋಗಗಳನ್ನು ಕುರಿತ ಪುಸ್ತಕ ಬೇಕಾಗುತ್ತದೆ. ಆ ಪುಸ್ತಕವು ಅದೇ ಗ್ರಂಥಾಲಯದ ಯಾವುದೋ ಮೂಲೆಯಲ್ಲಿ ಧೂಳು ಹಿಡಿದು ಕುಳಿತಿರಬಹುದು. ಆದರೆ ಅದರ ಹೆಸರು ಓದುಗನಿಗೆ ತಿಳಿಯದು. ಬರೆದವರು ಯಾರೆಂಬುದೂ ತಿಳಿಯದು. ಹೆಸರು ತಿಳಿಯದ ಪುಸ್ತಕವನ್ನು ಕೇಳುವ ಬಗೆಯಾದರೂ ಹೇಗೆ? ಕೇಳಲರಿಯದೆ ಓದುಗನು ಬರಿಗೈಯಲ್ಲಿ ಹಿಂದಿರುಗಿದರೆ ಆ ಪುಸ್ತಕವಿದ್ದೂ ಇಲ್ಲದಂತೆಯೇ ಸರಿ.

ನೋಡುವುದಕ್ಕೆ ಅಲ್ಪವೆಂದು ತೋರುವ ಈ ಸಮಸ್ಯೆಯ ಪರಿಹಾರಕ್ಕಾಗಿ ತಮ್ಮ ಬಾಳಿನ ಸುಮಾರು ಐವತ್ತು ವರ್ಷಗಳನ್ನು ಮುಡಿಪಾಗಿಟ್ಟ ಮಹನೀಯರು ಡಾಕ್ಟರ್ ಎಸ್. ಆರ್. ರಂಗನಾಥನ್. ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹರೆಂದು ಅವರನ್ನು ಇಂದಿಗೂ ಗೌರವದಿಂದ ಸ್ಮರಿಸುತ್ತಾರೆ.

ಶಿಯಾಳಿ ರಾಮಾಮೃತ ರಂಗನಾಥನ್ ಅವರು 1892ರ ಆಗಸ್ಟ್ ತಿಂಗಳಲ್ಲಿ ಅಂದಿನ ಮದರಾಸು ಪ್ರಾಂತಕ್ಕೆ ಸೇರಿದ ತಂಜಾವೂರು ಜಿಲ್ಲೆಯ ಶಿಯಾಳಿ ಎಂಬ ಊರಿನಲ್ಲಿ ಜನಿಸಿದರು. ಇಂದು ಈ ಊರು ಸೀರ್ಕಾಳಿ ಎಂದು ಪ್ರಸಿದ್ಧವಾಗಿದೆ. ತಂದೆ ರಾಮಾಮೃತ ಅಯ್ಯರ್ ಅವರು ಜಮೀನುದಾರರು. ಊರಿನ ಜನರಿಗೆ ರಾಮಾಯಣವನ್ನು ಓದಿ ಅರ್ಥ ಹೇಳುವುದರಲ್ಲಿ ಆಸಕ್ತರು. ರಂಗನಾಥನ್ ಇನ್ನೂ ಆರು ವರ್ಷದ ಬಾಲಕರಾಗಿರುವಾಗಲೇ ತಂದೆ ತೀರಿಕೊಂಡರು. ತಾಯಿ ಸೀತಾಲಕ್ಷ್ಮಿಯವರ ಹಾಗೂ ಬಂಧುಗಳ ಆಶ್ರಯದಲ್ಲಿ ಬಾಲಕನ ವಿದ್ಯಾಭ್ಯಾಸ ಮುಂದುವರಿಯಿತು. ಮಾತನಾಡುವಾಗ ಉಗ್ಗುವ ತೊಂದರೆ ಅವರಿಗಿದ್ದಿತು. ಆದರೆ ಅವರು ಅದಕ್ಕೆ ಮಣಿಯದೆ, ಸತತ ಪ್ರಯತ್ನದಿಂದ ಅದನ್ನು ಮೆಟ್ಟಿ ನಿಂತು, ಮುಂದೆ ದೇಶವಿದೇಶಗಳ ವಿದ್ವಾಂಸರ ಎದುರಿನಲ್ಲಿ ಉಪನ್ಯಾಸ ಮಾಡುವಷ್ಟು ಸಮರ್ಥರಾದರು.

ಶಿಯಾಳಿಯಲ್ಲಿ ಪ್ರೌಢ ವಿದ್ಯಾಭ್ಯಾಸವನ್ನು ಮುಗಿಸಿದ ರಂಗನಾಥನ್ ಮದರಾಸಿನ ಕ್ರಿಶ್ಚಿಯನ್ ಕಾಲೇಜನ್ನು ಸೇರಿದರು. ಅಲ್ಲಿ ಎಡ್ವರ್ಡ್ ರಾಸ್ ಎಂಬ ಗಣಿತದ ಗುರುಗಳ ಪ್ರೀತಿಗೆ ಪಾತ್ರರಾಗಿ, 1916ರಲ್ಲಿ ಗಣಿತದಲ್ಲಿ ಎಂ.ಎ. ಪದವಿಯನ್ನು ಪಡೆದರು. ಅನಂತರ ಉಪಾಧ್ಯಾಯ ವೃತ್ತಿಗೆ ಬೇಕಾದ ತರಬೇತಿಯನ್ನೂ ಪಡೆದು, 1917ರಲ್ಲಿ ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಗಣಿತದ ಅಧ್ಯಾಪಕರಾದರು. ಮಂಗಳೂರು ಆಗ ಮದರಾಸು ಪ್ರಾಂತಕ್ಕೆ ಸೇರಿದ್ದಿತು. ಹೀಗೆ ಅವರ ಅಧ್ಯಾಪನ ಜೀವನ ಆರಂಭವಾದುದು ನಮ್ಮ ನಾಡಿನ ಕಡಲತೀರದಲ್ಲಿಯೇ ಎಂಬುದು ನಮಗೆ ಸಂತೋಷದ ಸಂಗತಿ. ಮುಂದೆ ಅವರು ಕೊಯಮತ್ತೂರಿನಲ್ಲಿಯೂ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿಯೂ ಪಾಠ ಹೇಳಿದರು.

ಆ ದಿನಗಳಲ್ಲಿ ಮದರಾಸು ವಿಶ್ವವಿದ್ಯಾನಿಲಯವು ತನ್ನ ಗ್ರಂಥಾಲಯಕ್ಕೆ ಗ್ರಂಥಪಾಲಕರೊಬ್ಬರನ್ನು ನೇಮಿಸಿಕೊಳ್ಳಲು ನಿರ್ಧರಿಸಿತು. ಅಧ್ಯಾಪಕರಿಗೆ ದೊರೆಯುತ್ತಿದ್ದ ವೇತನಕ್ಕಿಂತ ಈ ಹುದ್ದೆಯ ವೇತನ ಹೆಚ್ಚು. ಸ್ನೇಹಿತರ ಒತ್ತಾಯಕ್ಕೆ ಕಟ್ಟುಬಿದ್ದು ರಂಗನಾಥನ್ ಅರ್ಜಿ ಹಾಕಿದರು. ಅರ್ಜಿ ಹಾಕಿದ್ದ ನೂರಾರು ಮಂದಿಯಲ್ಲಿ ಆಯ್ಕೆಯಾದವರು ಅವರೇ. 1924ರ ಜನವರಿಯಲ್ಲಿ ಅವರು ಆ ವಿಶ್ವವಿದ್ಯಾನಿಲಯದ ಪ್ರಥಮ ಗ್ರಂಥಪಾಲಕರಾದರು.

ಆದರೆ ಹೊಸ ಹುದ್ದೆ ಅವರಿಗೆ ಹರ್ಷವನ್ನು ತರಲಿಲ್ಲ. ತುಂಬಿದ ತರಗತಿಯಲ್ಲಿ ವಿದ್ಯಾರ್ಥಿಗಳ ನಡುವೆ ನಲಿಯುತ್ತಿದ್ದ ಅಧ್ಯಾಪಕರು ನಿಶ್ಶಬ್ದವಾದ ಕೋಣೆಯಲ್ಲಿ ಒಂಟಿಯಾಗಿ ಕುಳಿತುಕೊಳ್ಳಬೇಕಾಯಿತು. ಓದಲು ಬರುವವರು ವಿರಳ. ಪುಸ್ತಕಗಳು ಕಪಾಟಿನಲ್ಲಿದ್ದುವು, ಆದರೆ ಅವುಗಳಿಗೂ ಜನರಿಗೂ ನಡುವೆ ಸೇತುವೆಯಿರಲಿಲ್ಲ. ಕೆಲವೇ ದಿನಗಳಲ್ಲಿ ಬೇಸತ್ತ ರಂಗನಾಥನ್ ಪ್ರೆಸಿಡೆನ್ಸಿ ಕಾಲೇಜಿಗೆ ಹೋಗಿ, ತಮ್ಮನ್ನು ಮತ್ತೆ ಅಧ್ಯಾಪಕರನ್ನಾಗಿ ಸೇರಿಸಿಕೊಳ್ಳಬೇಕೆಂದು ಪ್ರಾಂಶುಪಾಲರನ್ನು ಬೇಡಿಕೊಂಡರು. ಇಂಗ್ಲೆಂಡಿಗೆ ಹೋಗಿ ಗ್ರಂಥಾಲಯ ಶಿಕ್ಷಣವನ್ನು ಪಡೆದು ಬಂದ ಮೇಲೂ ಈ ಕೆಲಸ ರುಚಿಸದಿದ್ದರೆ ಹಿಂದಿರುಗಬಹುದೆಂಬ ಭರವಸೆ ಅವರಿಗೆ ದೊರೆಯಿತು. ಆ ಭರವಸೆಯನ್ನು ಬಳಸಿಕೊಳ್ಳುವ ಸಂದರ್ಭ ಮತ್ತೆಂದೂ ಒದಗಲಿಲ್ಲ.

1924ರಲ್ಲಿಯೇ ರಂಗನಾಥನ್ ಲಂಡನ್ನಿಗೆ ತೆರಳಿದರು. ಅಲ್ಲಿಯ ಯೂನಿವರ್ಸಿಟಿ ಕಾಲೇಜಿನ ಗ್ರಂಥಾಲಯ ಶಾಲೆಯಲ್ಲಿ ಬರ್ವಿಕ್ ಸೇಯರ್ಸ್ ಎಂಬ ವಿದ್ವಾಂಸರು ಗ್ರಂಥಗಳ ವರ್ಗೀಕರಣವನ್ನು ಬೋಧಿಸುತ್ತಿದ್ದರು. ಗಣಿತಜ್ಞರಾದ ರಂಗನಾಥನ್‌ರ ಮನಸ್ಸು ಆ ವಿಷಯದಲ್ಲಿ ನೆಟ್ಟಿತು. ತರಗತಿಯ ಪಾಠದಷ್ಟಕ್ಕೇ ತೃಪ್ತರಾಗದೆ ಅವರು ಇಂಗ್ಲೆಂಡಿನ ನೂರಕ್ಕೂ ಹೆಚ್ಚು ಗ್ರಂಥಾಲಯಗಳನ್ನು ಸಂದರ್ಶಿಸಿದರು. ಅಲ್ಲಿ ಮಕ್ಕಳು, ಕಾರ್ಮಿಕರು, ಗೃಹಿಣಿಯರು ಎಲ್ಲರೂ ಗ್ರಂಥಾಲಯಕ್ಕೆ ಬಂದು ತಮಗೆ ಬೇಕಾದುದನ್ನು ಓದುತ್ತಿದ್ದರು. ಗ್ರಂಥಾಲಯವೆಂದರೆ ಪುಸ್ತಕಗಳನ್ನು ಕೂಡಿಡುವ ಉಗ್ರಾಣವಲ್ಲ, ಜನರ ಬಾಳನ್ನು ತಿದ್ದುವ ಸಾಧನ ಎಂಬ ಅರಿವು ಅವರಲ್ಲಿ ಮೂಡಿತು. ಬಿಟ್ಟು ಬರಬೇಕೆಂದಿದ್ದ ವೃತ್ತಿಯಲ್ಲಿಯೇ ಅವರಿಗೆ ಬಾಳಿನ ಗುರಿ ಗೋಚರಿಸಿತು.

ಆ ಗ್ರಂಥಾಲಯಗಳಲ್ಲಿ ಪುಸ್ತಕಗಳನ್ನು ಜೋಡಿಸುವ ಬಗೆಯನ್ನು ರಂಗನಾಥನ್ ಸೂಕ್ಷ್ಮವಾಗಿ ಪರಿಶೀಲಿಸಿದರು. ಪುಸ್ತಕಗಳನ್ನು ಗಾತ್ರಕ್ಕೆ ತಕ್ಕಂತೆ ಜೋಡಿಸಬಹುದು. ಕೊಂಡ ದಿನಾಂಕಕ್ಕೆ ಅನುಸಾರವಾಗಿಯೂ ಇಡಬಹುದು. ಆದರೆ ಹಾಗೆ ಮಾಡಿದರೆ ಬತ್ತವನ್ನು ಕುರಿತ ಪುಸ್ತಕದ ಪಕ್ಕದಲ್ಲಿ ವ್ಯಾಕರಣವೋ ಸಂಗೀತವೋ ಬಂದು ಕುಳಿತೀತು. ಆದುದರಿಂದ ವಿಷಯವನ್ನು ಅನುಸರಿಸಿ ಪುಸ್ತಕಗಳನ್ನು ವಿಂಗಡಿಸಿ, ಪ್ರತಿಯೊಂದು ವಿಷಯಕ್ಕೂ ಒಂದು ಸಂಖ್ಯೆಯನ್ನು ಕೊಡುವ ಪದ್ಧತಿ ಬಳಕೆಗೆ ಬಂದಿದ್ದಿತು. ಇದಕ್ಕೆ ವರ್ಗೀಕರಣವೆಂದು ಹೆಸರು. ಅಮೆರಿಕದ ಮೆಲ್ವಿಲ್ ಡ್ಯೂಯಿ ಅವರು 1876ರಲ್ಲಿ ಪ್ರಕಟಿಸಿದ ದಶಾಂಶ ವರ್ಗೀಕರಣವು ಇವುಗಳಲ್ಲಿ ಪ್ರಸಿದ್ಧವಾದುದು. ಡ್ಯೂಯಿಯವರು ಸಮಸ್ತ ಜ್ಞಾನವನ್ನು ಹತ್ತು ವರ್ಗಗಳನ್ನಾಗಿ ಮಾಡಿ, ಒಂದೊಂದನ್ನೂ ಮತ್ತೆ ಹತ್ತು ಹತ್ತಾಗಿ ವಿಭಾಗಿಸಿದ್ದರು. ಆದರೆ ಅಲ್ಲಿ ಪ್ರತಿ ವಿಷಯಕ್ಕೂ ಸ್ಥಾನವು ಮೊದಲೇ ಗೊತ್ತಾಗಿರಬೇಕಾಗಿದ್ದಿತು. ಹೊಸ ವಿಷಯಗಳು ಹುಟ್ಟಿದಾಗ, ಅಥವಾ ಎರಡು ಮೂರು ವಿಷಯಗಳು ಒಂದೇ ಪುಸ್ತಕದಲ್ಲಿ ಕೂಡಿಕೊಂಡಾಗ, ಆ ಪುಸ್ತಕಕ್ಕೆ ಸರಿಯಾದ ಎಡೆ ಸಿಕ್ಕುತ್ತಿರಲಿಲ್ಲ. ಎಡೆ ತಪ್ಪಿದ ಪುಸ್ತಕವು ತನ್ನ ಬಂಧುಗಳಿಂದ ದೂರವಾಗುತ್ತಿದ್ದಿತು.

ಇದಕ್ಕೆ ಪರಿಹಾರವನ್ನು ರಂಗನಾಥನ್ ಚಿಂತಿಸುತ್ತಿದ್ದಾಗ ಒಂದು ಘಟನೆ ನಡೆಯಿತು. ಲಂಡನ್ನಿನ ಸೆಲ್‌ಫ್ರಿಜಸ್ ಎಂಬ ದೊಡ್ಡ ಅಂಗಡಿಯಲ್ಲಿ ಮೆಕ್ಯಾನೊ ಎಂಬ ಆಟದ ಸಾಮಾನನ್ನು ಅವರು ಕಂಡರು. ತೂತುಗಳಿರುವ ಲೋಹದ ಪಟ್ಟಿಗಳು, ಚಕ್ರಗಳು, ತಿರುಪು ಮೊಳೆಗಳು, ಇಷ್ಟೇ ಅದರ ಸಾಮಗ್ರಿ. ಇವನ್ನೇ ಬೇರೆ ಬೇರೆ ಬಗೆಯಲ್ಲಿ ಜೋಡಿಸಿ ಬಗೆಬಗೆಯ ಆಟಿಕೆಗಳನ್ನು ಕಟ್ಟಿ ತೋರಿಸುತ್ತಿದ್ದರು. ಅದನ್ನು ಕಂಡೊಡನೆ ರಂಗನಾಥನ್‌ರ ಮನಸ್ಸಿನಲ್ಲಿ ಮಿಂಚು ಹೊಳೆದಂತಾಯಿತು. ಸಿದ್ಧವಾದ ಆಟಿಕೆಗಳನ್ನು ಪೆಟ್ಟಿಗೆಯಲ್ಲಿ ತುಂಬಿಡುವುದಕ್ಕಿಂತ ಬಿಡಿಭಾಗಗಳನ್ನು ಇಟ್ಟುಕೊಂಡು ಬೇಕಾದುದನ್ನು ಕಟ್ಟಿಕೊಳ್ಳುವುದು ಮೇಲಲ್ಲವೆ? ವಿಷಯಗಳನ್ನೂ ಹೀಗೆಯೇ ಅವುಗಳ ಮೂಲ ಅಂಶಗಳಾಗಿ ಬಿಡಿಸಿ, ಮತ್ತೆ ಜೋಡಿಸಬಹುದೆಂದು ಅವರಿಗೆ ತೋರಿತು.

1925ರಲ್ಲಿ ಸ್ವದೇಶಕ್ಕೆ ಹಿಂದಿರುಗುವಾಗ ಹಡಗಿನಲ್ಲಿಯೂ ಅವರು ಈ ಕೆಲಸವನ್ನು ಬಿಡಲಿಲ್ಲ. ಹಡಗಿನ ಗ್ರಂಥಾಲಯದಲ್ಲಿದ್ದ ಪುಸ್ತಕಗಳ ಮೇಲೆಯೇ ತಮ್ಮ ಹೊಸ ಪದ್ಧತಿಯನ್ನು ಪ್ರಯೋಗಿಸಿ ನೋಡಿದರು. ಆಮೇಲೆ ಮದರಾಸಿನ ಗ್ರಂಥಾಲಯದಲ್ಲಿ ವರ್ಷಗಟ್ಟಲೆ ಅದನ್ನು ಪರೀಕ್ಷಿಸಿ, ತಿದ್ದಿ, 1933ರಲ್ಲಿ ಪ್ರಕಟಿಸಿದರು. ಬಿಡಿ ಅಂಶಗಳನ್ನು ಜೋಡಿಸಲು ಕೋಲನ್ ಎಂಬ ಎರಡು ಚುಕ್ಕೆಗಳ ಚಿಹ್ನೆಯನ್ನು ಬಳಸಿದ್ದರಿಂದ ಈ ಪದ್ಧತಿಗೆ ಕೋಲನ್ ವರ್ಗೀಕರಣವೆಂಬ ಹೆಸರು ಬಂದಿತು.

ಈ ಪದ್ಧತಿಯ ಸ್ವರೂಪವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಶ್ವಾಸಕೋಶದ ಕ್ಷಯರೋಗಕ್ಕೆ ಮಾಡುವ ಚಿಕಿತ್ಸೆಯನ್ನು ಕುರಿತು ಒಂದು ಪುಸ್ತಕವಿದೆಯೆಂದು ಭಾವಿಸೋಣ. ಕೋಲನ್ ಪದ್ಧತಿಯಲ್ಲಿ ವೈದ್ಯಶಾಸ್ತ್ರಕ್ಕೆ ಎಲ್ ಎಂಬ ಅಕ್ಷರ, ಶ್ವಾಸಕೋಶಕ್ಕೆ 45, ಕ್ಷಯಕ್ಕೆ 421, ಚಿಕಿತ್ಸೆಗೆ 6 ಎಂಬ ಸಂಖ್ಯೆಗಳು ಗೊತ್ತಾಗಿವೆ. ಇವನ್ನು ಕ್ರಮವಾಗಿ ಪೋಣಿಸಿದರೆ ಆ ಪುಸ್ತಕದ ವರ್ಗಸಂಖ್ಯೆ ಸಿದ್ಧವಾಗುತ್ತದೆ. ಈ ಸಂಖ್ಯೆಯು ಅದರ ವಿಷಯವನ್ನು ಅಂಶ ಅಂಶವಾಗಿ ಹೇಳುತ್ತದೆ. ಶ್ವಾಸಕೋಶದ ಬೇರೊಂದು ರೋಗವನ್ನು ಕುರಿತು ಹೊಸ ಪುಸ್ತಕ ಬಂದರೆ ಒಂದು ಭಾಗವನ್ನು ಮಾತ್ರ ಬದಲಾಯಿಸಿದರೆ ಸಾಕು. ಆಗ ಆ ಪುಸ್ತಕವು ತಾನಾಗಿಯೇ ಇದರ ನೆರೆಯಲ್ಲಿ ಬಂದು ನಿಲ್ಲುತ್ತದೆ.

ಗ್ರಹಣಕಾಲದಲ್ಲಿ ನೆರಳು ಬೀಳುವ ರೀತಿಯನ್ನು ನೀವು ವಿಜ್ಞಾನದ ಪಾಠದಲ್ಲಿ ಓದಿದ್ದೀರಿ. ನಡುವೆ ದಟ್ಟನೆರಳು, ಅದರ ಸುತ್ತ ಅರೆನೆರಳು, ಅದರಾಚೆ ಬೆಳಕು. ಕಪಾಟಿನ ಪುಸ್ತಕಗಳನ್ನೂ ರಂಗನಾಥನ್ ಇದೇ ಹೋಲಿಕೆಯಿಂದ ವಿವರಿಸಿದರು. ಓದುಗನು ಅರಸಿ ಬಂದ ವಿಷಯದ ಪುಸ್ತಕಗಳು ದಟ್ಟನೆರಳಿನಲ್ಲಿರುತ್ತವೆ. ಅವುಗಳ ಎಡಬಲಗಳಲ್ಲಿ ನಿಕಟ ಸಂಬಂಧವುಳ್ಳ ವಿಷಯಗಳ ಪುಸ್ತಕಗಳಿರುತ್ತವೆ. ಇನ್ನೂ ದೂರ ಹೋದಂತೆ ಅನ್ಯ ವಿಷಯಗಳು ಬರುತ್ತವೆ. ಜೋಡಣೆ ಹೀಗಿದ್ದರೆ ಓದುಗನು ಒಂದು ಪುಸ್ತಕವನ್ನು ಕೈಗೆತ್ತಿಕೊಂಡಾಗ ಅದರ ಅಕ್ಕಪಕ್ಕದ ಪುಸ್ತಕಗಳು ಅವನನ್ನು ಕೈಬೀಸಿ ಕರೆಯುತ್ತವೆ. ತಾನು ಹೆಸರು ಕೇಳಿರದ ಗ್ರಂಥವೂ ಅವನಿಗೆ ದೊರೆಯುತ್ತದೆ.

ಆದರೆ ಒಂದು ಪುಸ್ತಕವನ್ನು ಕಪಾಟಿನಲ್ಲಿ ಒಂದೇ ಸ್ಥಳದಲ್ಲಿ ಇಡಲು ಸಾಧ್ಯ; ಅದನ್ನು ಅರಸುವವರು ಹಲವು ದಾರಿಗಳಿಂದ ಬರುತ್ತಾರೆ. ಒಬ್ಬನು ಕ್ಷಯವೆಂದು ಹುಡುಕಿದರೆ ಮತ್ತೊಬ್ಬನು ಶ್ವಾಸಕೋಶವೆಂದು ಹುಡುಕುತ್ತಾನೆ. ಇವರೆಲ್ಲರಿಗೂ ದಾರಿ ತೋರುವ ಸಲುವಾಗಿ ಗ್ರಂಥಸೂಚಿಯಲ್ಲಿ ವಿಷಯಶೀರ್ಷಿಕೆಗಳನ್ನು ಕೊಡುವುದು ವಾಡಿಕೆ. ಆದರೆ ಯಾವ ಶೀರ್ಷಿಕೆಗಳನ್ನು ಕೊಡಬೇಕೆಂಬುದು ಸಿದ್ಧಪಡಿಸುವವರ ಊಹೆಗೆ ಬಿಟ್ಟ ಮಾತಾಗಿದ್ದಿತು. ರಂಗನಾಥನ್ ಅದಕ್ಕೊಂದು ನಿಯಮವನ್ನು ಕಂಡುಹಿಡಿದರು. ವರ್ಗಸಂಖ್ಯೆಯನ್ನು ಸರಪಣಿಯಂತೆ ಭಾವಿಸಿ, ಕೊನೆಯ ಕೊಂಡಿಯಿಂದ ಹಿಂದಕ್ಕೆ ಬರುತ್ತಾ, ಒಂದೊಂದು ಕೊಂಡಿಗೂ ಒಂದೊಂದು ಶೀರ್ಷಿಕೆಯನ್ನು ಬರೆಯುವುದೇ ಆ ನಿಯಮ. ಮೇಲಿನ ಉದಾಹರಣೆಯಲ್ಲಿ ಚಿಕಿತ್ಸೆ, ಕ್ಷಯ, ಶ್ವಾಸಕೋಶ, ವೈದ್ಯಶಾಸ್ತ್ರ ಎಂಬ ನಾಲ್ಕು ಶೀರ್ಷಿಕೆಗಳು ದೊರೆಯುತ್ತವೆ. ಇವುಗಳಲ್ಲಿ ಯಾವುದನ್ನು ಹಿಡಿದು ಬಂದರೂ ಓದುಗನು ಆ ಕಪಾಟಿನ ಬಳಿಗೆ ಬರುತ್ತಾನೆ. ಕಿರಿದಾದ ವಿಷಯದಿಂದ ಹಿರಿದಾದ ವಿಷಯಕ್ಕೆ ಏರುವ ಮೆಟ್ಟಿಲುಗಳೂ ಅವನಿಗೆ ಕಾಣುತ್ತವೆ. ಇಂಗ್ಲೆಂಡಿನಲ್ಲಿ ಪ್ರಕಟವಾಗುವ ಪುಸ್ತಕಗಳ ರಾಷ್ಟ್ರೀಯ ಸೂಚಿಯು 1950ರಲ್ಲಿ ಆರಂಭವಾದಾಗ ಭಾರತೀಯರೊಬ್ಬರು ಕಂಡುಹಿಡಿದ ಈ ಸರಪಣಿ ವಿಧಾನವನ್ನೇ ಅನುಸರಿಸಿತು.

ಇಷ್ಟೆಲ್ಲ ಶಾಸ್ತ್ರವನ್ನು ಕಟ್ಟಿದರೂ ಸಂಖ್ಯೆಗಳೇ ಎಲ್ಲವನ್ನೂ ಮಾಡುತ್ತವೆಂದು ರಂಗನಾಥನ್ ನಂಬಿರಲಿಲ್ಲ. ಓದುಗನೊಡನೆ ಸೌಜನ್ಯದಿಂದ ಮಾತನಾಡಿ, ಅವನ ಅಗತ್ಯವನ್ನು ಅರಿತು, ತಕ್ಕ ಪುಸ್ತಕವನ್ನು ಅವನ ಕೈಗೆ ಕೊಡುವವರು ಗ್ರಂಥಾಲಯದಲ್ಲಿ ಇರಬೇಕೆಂಬುದು ಅವರ ದೃಢವಾದ ಅಭಿಪ್ರಾಯವಾಗಿದ್ದಿತು. ಮದರಾಸಿನ ಗ್ರಂಥಾಲಯದಲ್ಲಿ ಇದಕ್ಕಾಗಿಯೇ ಸಿಬ್ಬಂದಿಯನ್ನು ನಿಯೋಜಿಸಿದರು. ಬೀಗ ಹಾಕಿದ ಕಪಾಟುಗಳ ಪದ್ಧತಿಯನ್ನು ತೊಡೆದುಹಾಕಿ, ಓದುಗರು ತಾವೇ ಪುಸ್ತಕಗಳ ನಡುವೆ ಸಂಚರಿಸಿ ಆರಿಸಿಕೊಳ್ಳುವ ಅವಕಾಶವನ್ನು ಕಲ್ಪಿಸಿದರು. ನಿರ್ಜನವಾಗಿದ್ದ ಗ್ರಂಥಾಲಯವು ಕ್ರಮೇಣ ಓದುಗರಿಂದ ತುಂಬಿತು.

1928ರಲ್ಲಿ ಮದರಾಸು ಗ್ರಂಥಾಲಯ ಸಂಘ ಸ್ಥಾಪನೆಯಾಯಿತು. ಅದರ ಜೀವಾಳವಾಗಿದ್ದವರು ರಂಗನಾಥನ್. ಅದೇ ವರ್ಷ ಅವರ ಪತ್ನಿ ರುಕ್ಮಿಣಿಯವರು ಅಪಘಾತದಲ್ಲಿ ತೀರಿಕೊಂಡರು. ಆ ದುಃಖವನ್ನು ನುಂಗಿಕೊಂಡು ಅವರು ಕೆಲಸದಲ್ಲಿ ಮುಳುಗಿದರು. 1929ರಲ್ಲಿ ಗ್ರಂಥಪಾಲಕರಿಗಾಗಿ ಶಿಕ್ಷಣ ಶಾಲೆ ಆರಂಭವಾಯಿತು. 1931ರಲ್ಲಿ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳನ್ನು ಕುರಿತ ಅವರ ಗ್ರಂಥ ಹೊರಬಂದಿತು. ಪುಸ್ತಕಗಳು ಬಳಕೆಯಾಗಬೇಕು, ಪ್ರತಿಯೊಬ್ಬ ಓದುಗನಿಗೂ ಅವನ ಪುಸ್ತಕ ದೊರೆಯಬೇಕು, ಪ್ರತಿಯೊಂದು ಪುಸ್ತಕಕ್ಕೂ ತಕ್ಕ ಓದುಗನು ಸಿಕ್ಕಬೇಕು, ಓದುಗನ ಕಾಲ ವ್ಯರ್ಥವಾಗಬಾರದು, ಗ್ರಂಥಾಲಯವು ಜೀವಿಯಂತೆ ಸದಾ ಬೆಳೆಯುತ್ತಿರುತ್ತದೆ. ಇದೇ ಆ ಸೂತ್ರಗಳ ಸಾರ. ನೋಡಲು ಸರಳವಾದ ಈ ಮಾತುಗಳಲ್ಲಿ ಅವರ ಎಲ್ಲ ಸಂಶೋಧನೆಯ ಬೀಜವೂ ಅಡಗಿದೆ. ಮೂರನೆಯ ಸೂತ್ರವನ್ನು ವಿಶೇಷವಾಗಿ ಗಮನಿಸಬೇಕು. ಓದುಗನು ಪುಸ್ತಕವನ್ನು ಹುಡುಕುವುದು ಸಹಜ. ಪುಸ್ತಕಕ್ಕೂ ಓದುಗನನ್ನು ಹುಡುಕಿ ಕೊಡುವುದು ಗ್ರಂಥಾಲಯದ ಕರ್ತವ್ಯವೆಂದು ಅವರು ಸಾರಿದರು. ಅದೇ ವರ್ಷ ತಂಜಾವೂರು ಜಿಲ್ಲೆಯ ಮನ್ನಾರ್‌ಗುಡಿಯಲ್ಲಿ ಎತ್ತಿನ ಗಾಡಿಯ ಮೇಲೆ ಪುಸ್ತಕಗಳನ್ನಿಟ್ಟು ಹಳ್ಳಿಹಳ್ಳಿಗೂ ಒಯ್ಯುವ ಸಂಚಾರಿ ಗ್ರಂಥಾಲಯ ಹೊರಟಿತು.

ಇಪ್ಪತ್ತೊಂದು ವರ್ಷಗಳ ಸೇವೆಯ ಬಳಿಕ, 1945ರಲ್ಲಿ, ರಂಗನಾಥನ್ ಮದರಾಸು ವಿಶ್ವವಿದ್ಯಾನಿಲಯದಿಂದ ಸ್ವಇಚ್ಛೆಯಿಂದ ನಿವೃತ್ತರಾದರು. ಉಳಿದ ಆಯುಷ್ಯವನ್ನು ಸಂಶೋಧನೆಯಲ್ಲಿ ಕಳೆಯಬೇಕೆಂಬುದು ಅವರ ಬಯಕೆಯಾಗಿದ್ದಿತು. ಆದರೆ ಕಾಶಿ ಹಿಂದೂ ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದ ಸರ್ವೆಪಲ್ಲಿ ರಾಧಾಕೃಷ್ಣನ್ ಅವರ ಕರೆಯನ್ನು ಮನ್ನಿಸಿ ಅವರು ಕಾಶಿಗೆ ತೆರಳಿದರು. ಅಲ್ಲಿಯ ಗ್ರಂಥಾಲಯದಲ್ಲಿ ಸುಮಾರು 1 ಲಕ್ಷ ಪುಸ್ತಕಗಳು ಕ್ರಮಬದ್ಧವಾದ ವರ್ಗೀಕರಣಕ್ಕಾಗಿ ಕಾದಿದ್ದುವು. ಸಹಾಯಕರು ಸಾಲದೆ ಬಂದಾಗ, ಐವತ್ತು ದಾಟಿದ್ದ ಆ ವಿದ್ವಾಂಸರು ಯಾರನ್ನೂ ದೂರದೆ ತಾವೇ ಕುಳಿತು, ಒಂದೊಂದೇ ಪುಸ್ತಕವನ್ನು ತೆರೆದು, ವಿಷಯವನ್ನು ತಿಳಿದು, ಸಂಖ್ಯೆಯನ್ನು ಕೊಟ್ಟರು. ಈ ಭಾರವಾದ ಕಾರ್ಯವನ್ನು ಅವರು ಎರಡು ವರ್ಷಗಳ ಒಳಗಾಗಿ ಪೂರೈಸಿದರು.

1947ರಲ್ಲಿ ಅವರು ದೆಹಲಿ ವಿಶ್ವವಿದ್ಯಾನಿಲಯವನ್ನು ಸೇರಿ, ಗ್ರಂಥಾಲಯ ವಿಜ್ಞಾನದಲ್ಲಿ ಉನ್ನತ ಪದವಿಗಳ ಅಧ್ಯಯನಕ್ಕೆ ಅಡಿಪಾಯ ಹಾಕಿದರು. ಗ್ರಂಥಾಲಯಗಳು ದಾನಿಗಳ ಔದಾರ್ಯವನ್ನೇ ನಂಬಿರಬಾರದು, ಅವುಗಳಿಗೆ ಶಾಸನದ ಬೆಂಬಲವಿರಬೇಕು ಎಂದು ಅವರು 1930ರಿಂದಲೇ ವಾದಿಸುತ್ತಿದ್ದರು. 1948ರಲ್ಲಿ ಮದರಾಸು ಸಾರ್ವಜನಿಕ ಗ್ರಂಥಾಲಯ ಶಾಸನ ಅಂಗೀಕೃತವಾದಾಗ ಆ ಶ್ರಮ ಫಲಿಸಿತು. ಅಂದಿನ ಮೈಸೂರು ರಾಜ್ಯದಲ್ಲಿಯೂ 1965ರಲ್ಲಿ ಇಂಥ ಶಾಸನ ರಚಿತವಾಯಿತು. 1957ರಲ್ಲಿ ಭಾರತ ಸರ್ಕಾರವು ಅವರಿಗೆ ಪದ್ಮಶ್ರೀ ಪ್ರಶಸ್ತಿಯನ್ನಿತ್ತು ಗೌರವಿಸಿತು.

ಕೀರ್ತಿ ಬಂದರೂ ರಂಗನಾಥನ್‌ರ ಸರಳ ಜೀವನದಲ್ಲಿ ಬದಲಾವಣೆಯಾಗಲಿಲ್ಲ. ಮಿತವ್ಯಯದಿಂದ ಬಾಳಿ ಕೂಡಿಸಿದ್ದ 1 ಲಕ್ಷ ರೂಪಾಯಿಗಳನ್ನು ಅವರು ಮದರಾಸು ವಿಶ್ವವಿದ್ಯಾನಿಲಯಕ್ಕೆ ದಾನವಾಗಿ ಕೊಟ್ಟು, ತಮ್ಮ ಎರಡನೆಯ ಪತ್ನಿ ಶಾರದಾ ಅವರ ಹೆಸರೂ ಸೇರಿದಂತೆ ಗ್ರಂಥಾಲಯ ವಿಜ್ಞಾನದ ಪ್ರಾಧ್ಯಾಪಕ ಪೀಠವೊಂದು ಸ್ಥಾಪನೆಯಾಗುವಂತೆ ಮಾಡಿದರು. ಅಧ್ಯಾಪಕ ವೃತ್ತಿಗಿಂತ ಹೆಚ್ಚು ವೇತನದ ಹುದ್ದೆಯೆಂದು ಸ್ನೇಹಿತರು ಯಾವ ಕೆಲಸಕ್ಕೆ ಅವರನ್ನು ದೂಡಿದ್ದರೋ, ಆ ಕೆಲಸದಿಂದ ಉಳಿಸಿದ ಹಣವೆಲ್ಲ ಅದೇ ವಿದ್ಯೆಗೆ ಹಿಂದಿರುಗಿತು.

ಬಾಳಿನ ಕೊನೆಯ ಭಾಗವನ್ನು ರಂಗನಾಥನ್ ಬೆಂಗಳೂರಿನಲ್ಲಿ ಕಳೆದರು. ಯೌವನದಲ್ಲಿ ಮಂಗಳೂರಿಗೆ ಬಂದಿದ್ದ ಅಧ್ಯಾಪಕರು ಮುಪ್ಪಿನಲ್ಲಿ ಮತ್ತೆ ಕನ್ನಡ ನಾಡಿನವರೇ ಆದರು. 1962ರಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಅಂಗವಾಗಿ ಅವರು ಬೆಂಗಳೂರಿನಲ್ಲಿ ಪ್ರಲೇಖನ ಸಂಶೋಧನ ಮತ್ತು ತರಬೇತಿ ಕೇಂದ್ರವನ್ನು ಸ್ಥಾಪಿಸಿದರು. ವಿಜ್ಞಾನಿಗಳಿಗೂ ಕೈಗಾರಿಕೆಗಳಿಗೂ ಬೇಕಾದ ಬರಹಗಳನ್ನು ಶೀಘ್ರವಾಗಿ ಹುಡುಕಿ ಒದಗಿಸುವ ವಿದ್ಯೆಯನ್ನು ಅಲ್ಲಿ ಕಲಿಸುತ್ತಿದ್ದರು. 1965ರಲ್ಲಿ ಅವರು ರಾಷ್ಟ್ರೀಯ ಸಂಶೋಧನ ಪ್ರಾಧ್ಯಾಪಕರಾದರು. ಎಂಬತ್ತರ ಹೊಸ್ತಿಲಲ್ಲಿಯೂ ತಮ್ಮ ವರ್ಗೀಕರಣದ ಏಳನೆಯ ಆವೃತ್ತಿಯನ್ನು ತಿದ್ದುವುದರಲ್ಲಿ ಮಗ್ನರಾಗಿದ್ದರು. ಅದು ಅಚ್ಚಾಗಿ ಬಂದುದನ್ನು ಕಾಣುವ ಭಾಗ್ಯ ಅವರಿಗೆ ಇರಲಿಲ್ಲ. 1972ರ ಸೆಪ್ಟೆಂಬರ್ 27ರಂದು ಅವರು ಬೆಂಗಳೂರಿನಲ್ಲಿ ನಿಧನರಾದರು. ಆ ಆವೃತ್ತಿ ಪ್ರಕಟವಾದುದು 1987ರಲ್ಲಿ.

ಕೋಲನ್ ವರ್ಗೀಕರಣವನ್ನು ಎಲ್ಲ ಗ್ರಂಥಾಲಯಗಳೂ ಅಂಗೀಕರಿಸಲಿಲ್ಲವೆಂಬುದು ನಿಜ. ಅದರ ಸಂಖ್ಯೆಗಳು ದೀರ್ಘವೆಂದೂ ಕ್ಲಿಷ್ಟವೆಂದೂ ಹಲವರು ಭಾವಿಸಿದರು. ಭಾರತದಲ್ಲಿಯೂ ಬಹುಪಾಲು ಗ್ರಂಥಾಲಯಗಳು ಡ್ಯೂಯಿಯವರ ಪದ್ಧತಿಯನ್ನೇ ಅನುಸರಿಸುತ್ತಿವೆ. ಆದರೆ ವಿಷಯವನ್ನು ಅಂಶಗಳಾಗಿ ಬಿಡಿಸಿ ನೋಡುವ ರಂಗನಾಥನ್‌ರ ದೃಷ್ಟಿಯನ್ನು ಲೋಕದ ವಿದ್ವಾಂಸರು ಒಪ್ಪಿಕೊಂಡರು. ಇಂದು ಗ್ರಂಥಾಲಯಗಳ ಗಣಕಯಂತ್ರದಲ್ಲಿ ವಿಷಯ, ಭಾಷೆ, ಸ್ಥಳ, ಕಾಲ ಎಂದು ಒಂದೊಂದಾಗಿ ಆರಿಸುತ್ತಾ ಬೇಕಾದ ಪುಸ್ತಕವನ್ನು ತಲಪುವವರು ಅವರು ತೋರಿದ ಹಾದಿಯಲ್ಲಿಯೇ ನಡೆಯುತ್ತಿದ್ದಾರೆ. ಅವರ ಜನ್ಮದಿನದ ನೆನಪಿಗಾಗಿ ಭಾರತದಲ್ಲಿ ಆಗಸ್ಟ್ 12ರಂದು ಗ್ರಂಥಪಾಲಕರ ದಿನವನ್ನು ಆಚರಿಸುತ್ತಾರೆ.

ತನಗೆ ಒಗ್ಗದ ಕೆಲಸವೆಂದು ಒಮ್ಮೆ ಓಡಿಹೋಗಲು ಬಯಸಿದ ಯುವಕರು ಅದೇ ಕೆಲಸದಲ್ಲಿ ಲೋಕಕ್ಕೆ ಗುರುಗಳಾದರು. ಓದುಗನೊಬ್ಬನು ಬರಿಗೈಯಲ್ಲಿ ಹಿಂದಿರುಗಬಾರದೆಂಬ ಕಳಕಳಿಯೇ ಅವರನ್ನು ಆ ಎತ್ತರಕ್ಕೆ ಏರಿಸಿತು. ಮುಂದಿನ ಸಲ ನೀವು ಗ್ರಂಥಾಲಯಕ್ಕೆ ಹೋದಾಗ ಬೇಕಾದ ಪುಸ್ತಕವನ್ನು ತೆಗೆದುಕೊಂಡೊಡನೆ ಹೊರಟುಬಿಡಬೇಡಿರಿ. ಅದರ ಬೆನ್ನಿನ ಮೇಲೆ ಬರೆದಿರುವ ಸಂಖ್ಯೆಯನ್ನು ನೋಡಿರಿ; ಎಡಕ್ಕೂ ಬಲಕ್ಕೂ ಒಮ್ಮೆ ಕಣ್ಣು ಹಾಯಿಸಿರಿ. ನಿಮಗಾಗಿಯೇ ಕಾದಿರುವ ಮತ್ತೊಂದು ಪುಸ್ತಕ ಅಲ್ಲಿರಬಹುದು.